ಗ್ರಹಣದ ದಿನ ಹೆಚ್ಚಿದ ಸೌತೆಕಾಯಿ

ನನ್ನ ತಮ್ಮ ಶರಣಯ್ಯ ರಾಯಚೂರಿನಲ್ಲಿ ಬಹಳ ಮಂದಿಗೆ ಗೊತ್ತು. ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ಮಾಸ್ತರ ಅಂತ ಕೆಲವರಿಗೆ ಗೊತ್ತು, ದೇವರಿಲ್ಲ ಅನ್ನುವ ಮಾಸ್ತರ ಅಂತ ಉಳಿದವರಿಗೆ ಗೊತ್ತು. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಅವನ ಮನೆಯಲ್ಲೇ ಇದ್ದೇನೆ. ಅವನ ಹೆಂಡತಿಯೂ ಹೋಗಿ ವರ್ಷಗಳಾದವು, ಹೀಗಾಗಿ ಅಡುಗೆಮನೆ ನನ್ನದು. ಅವನ ಬಗ್ಗೆ ಬರೆಯಬೇಕಾದರೆ ಅವನ ಮೊಮ್ಮಗಳ ತುಟಿಯ ಸಂಗತಿಯನ್ನೇ ಬರೆಯಬೇಕು. ಅವನು ಎಂಥವನು ಅನ್ನುವುದೆಲ್ಲ ಅದರೊಳಗೆ ಬರುತ್ತದೆ. ನನಗೆ ಇನ್ನೂ ತಿಳಿಯದೆ ಉಳಿದದ್ದೂ ಅದರಲ್ಲೇ ಇದೆ.

ನಾವು ಬಾಗಲವಾಡದ ಜಂಗಮರು. ಅಪ್ಪ ಜೋಳಿಗೆ ಹಾಕಿಕೊಂಡು ಓಣಿ ತಿರುಗುತ್ತಿದ್ದ. ಶರಣಯ್ಯ ಸಣ್ಣವನಿದ್ದಾಗ ಅಪ್ಪನ ಹಿಂದೆ ಹೋಗಿ ಮನೆಮನೆಯ ಬಾಗಿಲಲ್ಲಿ ಏನಾದರೊಂದು ಕೇಳುತ್ತಿದ್ದ. ಬೆಕ್ಕಿನ ಕಣ್ಣು ಯಾಕೆ ಹೊಳೆಯುತ್ತದೆ, ಹಾಲು ಯಾಕೆ ಉಕ್ಕುತ್ತದೆ, ನೀರು ಯಾಕೆ ಉಕ್ಕುವುದಿಲ್ಲ. ಅಪ್ಪನದು ಒಂದೇ ಉತ್ತರ: "ಶಿವ ಹಂಗ ಮಾಡ್ಯಾನಪಾ." ಆ ಉತ್ತರ ಅವನಿಗೆ ಸಾಲಲಿಲ್ಲ. ರಾಯಚೂರಿಗೆ ಓದಲು ಹೋಗಿ ಬಂದ ಮೇಲೆ ಉತ್ತರಗಳನ್ನು ಅವನೇ ಹೇಳತೊಡಗಿದ. ಮಾಸ್ತರನಾದ ಮೇಲೆ ಒಂದು ಮಾತು ಅವನ ಬಾಯಲ್ಲಿ ನೆಲೆಸಿತು: "ಎಲ್ಲಾದಕ್ಕೂ ಕಾರಣ ಅದ." ಹುಡುಗರು ಬೆನ್ನ ಹಿಂದೆ ಅವನನ್ನು ಕಾರಣ ಮಾಸ್ತರ ಅನ್ನುತ್ತಿದ್ದರು. ಕರೆಂಟು ಯಾವಾಗ ಬರುತ್ತದೆ ಎಂದು ಕೇಳಿದರೂ ಹೊತ್ತು ಹೇಳುತ್ತಿದ್ದ. ಆ ಹೊತ್ತಿಗೆ ಬರದಿದ್ದರೆ ಬರದಿದ್ದುದಕ್ಕೆ ಕಾರಣ ಹೇಳುತ್ತಿದ್ದ. ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿರಲಿಲ್ಲ.

ಅವನ ಮಾತಿನಿಂದ ಉಪಕಾರವೂ ಆಗಿದೆ, ಅದನ್ನೂ ಹೇಳಬೇಕು. ಮಾನ್ವಿ ಕಡೆಯ ಒಂದು ಹಳ್ಳಿಯಲ್ಲಿ ಬಾನಾಮತಿ ಮಾಟ ಮಾಡಿದಳೆಂದು ಒಬ್ಬ ಮುದುಕಿಯನ್ನು ಹಿಡಿದು ಕೂಡಿಸಿದ್ದರು. ಹಗ್ಗದ ಮೇಲಿನ ಸೀರೆಗೆ ತಾನಾಗಿಯೇ ಬೆಂಕಿ ಹತ್ತುತ್ತದೆ ಎಂಬುದು ಅವರ ದೂರು. ಶರಣಯ್ಯ ಅದೇ ಅಂಗಳದಲ್ಲಿ ಎಲ್ಲರೆದುರು ಇನ್ನೊಂದು ಸೀರೆಗೆ ಹಾಗೆಯೇ ಬೆಂಕಿ ಹತ್ತಿಸಿ, ಯಾವ ಪುಡಿ, ಹೇಗೆ ಹಚ್ಚಿದ್ದು ಎಲ್ಲ ಬಿಡಿಸಿ ತೋರಿಸಿದ. ಮುದುಕಿಯನ್ನು ಬಿಟ್ಟರು. ಅವತ್ತು ಅವನು ಮನೆಗೆ ಬಂದಾಗ ಅಂಗಿಯ ತೋಳು ಸುಟ್ಟಿತ್ತು.

ನಮ್ಮ ತಂಗಿ ಸುನಂದಾಳನ್ನು ದೇವದುರ್ಗಕ್ಕೆ ಕೊಟ್ಟಿದೆ. ಅವಳ ಗಂಡ ಸೂಗಯ್ಯನದು ಹಿಟ್ಟಿನ ಗಿರಣಿ. ಅವರ ಮಗಳು ಅನುರಾಧಾಳನ್ನು ಶರಣಯ್ಯನ ಮಗ ಮೌನೇಶನಿಗೆ ತರಬೇಕೆಂದು ಸುನಂದಾ ಹಟ ಹಿಡಿದಳು. ಮೌನೇಶ ಶಕ್ತಿನಗರದ ಕರೆಂಟಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ, ರಾಯಚೂರಿನಿಂದಲೇ ಹೋಗಿ ಬರುತ್ತಾನೆ. ಸಂಬಂಧದಲ್ಲಿ ಮದುವೆ ಮಾಡಬಾರದು ಎಂದು ಶರಣಯ್ಯ ತರಗತಿಯಲ್ಲಿ ಕಲಿಸಿದವನು. ಆದರೆ ತಂಗಿ ಬಂದು ಅವನ ಮುಂದೆ ಕೂತು ಅತ್ತಳು. ಬಹಳ ದಿನ ಹಿಂದೆಮುಂದೆ ನೋಡಿ ಕಡೆಗೆ ಹೂಂ ಅಂದ.

ಅನುರಾಧಾ ಡಿಗ್ರಿ ಓದಿದ ಹುಡುಗಿ. ಮಾವನ ಮಾತೆಂದರೆ ಅವಳಿಗೂ ಇಷ್ಟ. ಎರಡು ಸಾವಿರದ ಇಪ್ಪತ್ತೆರಡರಲ್ಲಿ ದೀಪಾವಳಿಯ ನಡುವೆಯೇ ಸಂಜೆ ಸೂರ್ಯಗ್ರಹಣ ಬಂತು. ಆಗ ಅವಳು ಐದು ತಿಂಗಳ ಬಸುರಿ. ಗ್ರಹಣ ಬಂದಾಗಲೆಲ್ಲ ಶರಣಯ್ಯ ಮತ್ತು ಅವನ ಗೆಳೆಯರು ಮೈದಾನದಲ್ಲಿ ಕೂಡಿ, ಕಪ್ಪು ಕನ್ನಡಕದಲ್ಲಿ ಸೂರ್ಯನನ್ನು ತೋರಿಸಿ, ಎಲ್ಲರ ಕಣ್ಣೆದುರು ಮಂಡಕ್ಕಿಯಿಂದ ಮಾಡುವ ಮಂಡಾಳು ಒಗ್ಗರಣೆ ತಿನ್ನುವುದು ರೂಢಿ. ಬೆಳಿಗ್ಗೆಯೇ ಸುನಂದಾ ಫೋನು ಮಾಡಿದ್ದಳು.

"ಯಕ್ಕಾ, ಬಸುರಿ ಹುಡುಗಿನ ಹೊರಗ ಬಿಡಬ್ಯಾಡ್ರಿ. ಮೂಲ್ಯಾಗ ನೆಟ್ಟಗ ಮಲಗಲಿ. ಏನೂ ಹೆಚ್ಚೋದು ಬ್ಯಾಡ, ಹೊಲಿಯೋದು ಬ್ಯಾಡ. ಕೂಸಿನ ತುಟಿ ಸೀಳ್ತದ."

ನಾನು ಅದನ್ನು ಹಾಗೇ ಹೇಳಿದೆ. ಅನುರಾಧಾ ನಕ್ಕಳು. "ದೊಡ್ಡವ್ವಾ, ನನಗ ಸೌತಿಕಾಯಿ ತಿನ್ನಬೇಕನ್ನಿಸ್ಯಾದ. ಹಸಿವು ಗ್ರಹಣ ಕೇಳಿ ಬರ್ತದೇನು?"

ಅವಳು ನಮ್ಮ ಜೊತೆ ಮೈದಾನಕ್ಕೆ ಬಂದಳು. ಮುಳುಗುವ ಸೂರ್ಯ ಒಂದು ಕಡೆ ಕಚ್ಚಿದ ರೊಟ್ಟಿಯಂತೆ ಇದ್ದ. ಅವಳು ಚಾಪೆಯ ಮೇಲೆ ಕೂತು ಒಗ್ಗರಣೆಗೆಂದು ಸೌತೆಕಾಯಿ ಹೆಚ್ಚಿದಳು. ತಟ್ಟೆ ಹಿಡಿದವಳು ನಾನು. ಪತ್ರಿಕೆಯವನು ಫೋಟೋ ತೆಗೆದುಕೊಂಡ. ಮರುದಿನ ಅದು ಪೇಪರಿನಲ್ಲಿ ಬಂತು, ಶರಣಯ್ಯ ಅದನ್ನು ಕತ್ತರಿಸಿ ಕಪಾಟಿನ ಗಾಜಿಗೆ ಅಂಟಿಸಿದ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಲ್ಲ, ಅನುರಾಧಾ ದೇವದುರ್ಗಕ್ಕೆ ಹೋದಳು. ಬಾಣಂತನಕ್ಕೆ ನಾನೂ ಹೋದೆ. ಬೇಸಿಗೆ ಶುರುವಾಗುವ ಮೊದಲು ಹೆಣ್ಣು ಹುಟ್ಟಿತು. ನರ್ಸ್ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಸುನಂದಾಳ ಕೈಗೆ ಕೊಟ್ಟಳು. ಅವಳು ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದಳು, ಕೂಸನ್ನು ನನಗೆ ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಮೇಲ್ದುಟಿ ಎಡಗಡೆಯಲ್ಲಿ ಮೂಗಿನ ಹೊಳ್ಳೆಯವರೆಗೂ ಸೀಳಿತ್ತು. ಅಂಗುಳ ಸರಿಯಾಗಿತ್ತು; ನಾನು ಬೆರಳು ತೊಳೆದುಕೊಂಡು ಬಾಯೊಳಗೆ ಇಟ್ಟು ನೋಡಿದೆ. ಕೂಸಿಗೆ ಮೊಲೆ ಹಿಡಿಯಲು ಬರಲಿಲ್ಲ. ಹಾಲು ಹಿಂಡಿ, ಕೂಸನ್ನು ನೆಟ್ಟಗೆ ಕೂಡಿಸಿಕೊಂಡು, ಚಮಚದಲ್ಲಿ ಕುಡಿಸಬೇಕಾಯಿತು. ಒಂದು ಹನಿ ಒಳಗೆ ಹೋದರೆ ಇನ್ನೊಂದು ಹನಿ ಹೊರಗೆ ಬರುತ್ತಿತ್ತು.

ಊರೆಲ್ಲ ಒಂದೇ ಮಾತು. ಪೇಪರಿನ ಫೋಟೋವನ್ನು ಯಾರೋ ಮೊಬೈಲಿನಲ್ಲಿ ಇಟ್ಟುಕೊಂಡಿದ್ದರು, ಅದೂ ಮನೆಮನೆ ತಿರುಗಿತು. ಶರಣಯ್ಯ ಕೂಸನ್ನು ನೋಡಲು ಬಂದ ದಿನ ಸೂಗಯ್ಯ ಅವನನ್ನು ಒಳಗೆ ಕರೆದು ಚಹಾ ಕೊಟ್ಟ, ಆಮೇಲೆ ಕೇಳಿದ.

"ಮಾಸ್ತರ, ದಸರಾ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸಿದ್ವಿ. ಕೂಸು ಸರಿ ಅದ ಅಂದ್ರು. ಗ್ರಹಣ ಆಗಿದ್ದು ಅದಾದ ಮ್ಯಾಲ. ಸ್ಕ್ಯಾನಿಂಗ್ ನಮ್ಮ ಮಠದ್ದಲ್ಲ, ನಿಮ್ಮ ವಿಜ್ಞಾನದ್ದು."

"ಸ್ಕ್ಯಾನಿಂಗ್ ತಪ್ಪು," ಅಂದ ಶರಣಯ್ಯ.

"ನೀವು ನೋಡೀರೇನು?"

"ನೋಡೋದೇನೂ ಬ್ಯಾಡ. ತುಟಿ ಎರಡನೇ ತಿಂಗಳಾಗ ಕೂಡ್ತದ. ಐದನೇ ತಿಂಗಳಾಗ ಸೀಳಾಕ ಬರಂಗೇ ಇಲ್ಲ."

"ನೋಡಲಾರದೆ ತಪ್ಪಂತೀರಿ. ನಾವು ನೋಡಲಾರದೆ ದೇವರದಾನ ಅಂದ್ರ ನಗತೀರಿ."

ಶರಣಯ್ಯ ಚಹಾದ ಕಪ್ಪು ಕೆಳಗಿಟ್ಟ. ನನಗೆ ಸೂಗಯ್ಯ ಹೇಳಿದ್ದು ಸರಿ ಅನ್ನಿಸಿತು. ಶರಣಯ್ಯ ಹೇಳಿದ್ದೂ ಸರಿ ಅನ್ನಿಸಿತು. ಎರಡೂ ಸರಿಯಾಗಿರಲು ಬರುವುದಿಲ್ಲ ಎಂಬುದೂ ಗೊತ್ತಿತ್ತು.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಮಾತು ಕೆಟ್ಟಿತು. ನೀಲಾ ಅಂತ ಹೆಸರಿಟ್ಟೆವು. ಹೆಂಗಸರು ಒಳಗೆ ಹಾಡು ಹೇಳಿ ಮುಗಿಸಿದ್ದರು. ಗಂಡಸರು ಊಟ ಮಾಡಿ ಗಿರಣಿಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು. ಗಿರಣಿ ಮನೆಗೆ ಹತ್ತಿಕೊಂಡೇ ಇದೆ, ಮಾತೆಲ್ಲ ಒಳಗೆ ಕೇಳುತ್ತಿತ್ತು.

"ಮಾಸ್ತರ, ಈ ಗಿರಣಿ ನೋಡ್ರಿ," ಅಂದ ಸೂಗಯ್ಯ. "ಮ್ಯಾಲಿನ ಕಲ್ಲು, ಕೆಳಗಿನ ಕಲ್ಲು, ಬೆಲ್ಟು, ಮೋಟರು. ಯಾವನೋ ಒಬ್ಬಾತ ಕೂತು ವಿಚಾರ ಮಾಡಿ ಮಾಡ್ಯಾನ. ತಾನಾಗೇ ಕೂಡಿ ಬಂತಂದ್ರ ನಂಬತೀರೇನು?"

"ಇಲ್ಲ."

"ಮತ್ತ ಕಣ್ಣು? ಕಿವಿ? ಹೊಟ್ಟ್ಯಾಗಿನ ಕರುಳು? ಗಿರಣಿಕಿಂತ ಸಣ್ಣ ಕೆಲಸೇನು ಅದು? ಮೊಬೈಲ್ನಾಗ ಒಬ್ಬಾತ ಹೇಳಾಕತ್ತಿದ್ದ, ಈ ಜಗತ್ತಿಗೆ ಒಂದು ನಕಾಶಿ ಅದ, ನಕಾಶಿ ಬರದಾತ ಬುದ್ಧಿವಂತ ಒಬ್ಬ ಅದಾನ ಅಂತ. ವಿಜ್ಞಾನಿಗಳೇ ಹಿಂಗ ಅನ್ನಾಕತ್ತಾರಂತ."

"ನಿನ್ನ ಗಿರಣಿ ಮರಿ ಹಾಕ್ತದೇನು ಸೂಗಯ್ಯ?"

ಕಟ್ಟೆಯ ಮೇಲಿದ್ದವರು ನಕ್ಕರು. ಶರಣಯ್ಯನಿಗೆ ಹುರುಪು ಬಂತು. "ಮರಿ ಹಾಕೋ ವಸ್ತುಗಳ ಮಾತೇ ಬ್ಯಾರೆ. ಮರಿ ತಾಯಿಕಿಂತ ಚೂರು ಬ್ಯಾರೆ, ಅದರ ಮರಿ ಇನ್ನೊಂದು ಚೂರು ಬ್ಯಾರೆ. ಬಾಳೋದು ಬಾಳ್ತದ, ಬಾಳಲಾರದ್ದು ಹೋಗ್ತದ. ಹಿಂಗ ಕೋಟಿ ಕೋಟಿ ವರ್ಷ. ಅದಕ್ಕ ನಕಾಶಿ ಬ್ಯಾಡ, ಬರಿಯಾಂವನೂ ಬ್ಯಾಡ."

"ಆ ಎಲ್ಲಾದಕ್ಕಿಂತ ಮೊದಲನೇ ತಾಯಿ ಎಲ್ಲಿಂದ ಬಂದ್ಲು?"

"ಅದಕ್ಕೂ ಕಾರಣ ಅದ. ಸಿಗ್ತದ."

"ಸಿಗ್ತದ ಅಂದ್ರ ಇನ್ನೂ ಸಿಕ್ಕಿಲ್ಲ ಅಂತಾತು. ಸಿಗಲಾರದ್ದನ್ನ ನಂಬಿ ಕೂತೀರಿ. ನಮ್ಮಂಗೇ ಆತಲ್ರಿ ಮಾಸ್ತರ."

ಈ ಸಲ ನಗು ಇನ್ನೂ ಜೋರಾಯಿತು. ಶರಣಯ್ಯನ ಮುಖ ಕೆಂಪಾದದ್ದು ನನಗೆ ಕಿಟಕಿಯಿಂದ ಕಂಡಿತು. ಅವನು ಒಳಗಿನ ತೊಟ್ಟಿಲ ಕಡೆ ಕೈ ಮಾಡಿದ. "ಆತು, ನಿನ್ನ ನಕಾಶಿಯಾಂವ ಅದಾನಂತ ತಿಳ್ಕೊಳ್ಳೋಣು. ಬುದ್ಧಿ ಇದ್ದಾಂವ ಇಂಥಾ ಕೆಲಸ ಮಾಡಿ ಕೈ ತೊಳ್ಕೊಳ್ತಿದ್ದನೇನು? ನಿನ್ನ ಗಿರಣಿ ಕಲ್ಲು ಹಿಂಗ ಸೀಳಿ ಬಂದಿದ್ರ ಅವತ್ತೇ ಒಯ್ದು ವಾಪಸ್ ಕೊಡ್ತಿದ್ದಿ."

ಅವನು ಕೂಸಿನ ಬಗ್ಗೆ ಕೆಟ್ಟದ್ದು ಅನ್ನಬೇಕೆಂದು ಅಂದವನಲ್ಲ. ವಾದದಲ್ಲಿ ಗೆಲ್ಲಬೇಕೆಂದು ಅಂದ. ಅಷ್ಟರಲ್ಲಿ ಅನುರಾಧಾ ಕೂಸನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದಿದ್ದಳು.

"ಮಾವ, ನನ್ನ ಕೂಸು ಯಾರು ಕೆಡಿಸಿದ ಕೆಲಸ?"

"ಯವ್ವಾ, ನಾ ಹಂಗಂದಿಲ್ಲ. ಯಾರೂ ಕೆಡಿಸಿಲ್ಲ. ಯಾರ ಕೆಲಸಾನೂ ಅಲ್ಲ ಅದು."

"ಮತ್ತ ಯಾಕಾತು?"

"ಆಗ್ತದ. ಸುಮ್ಮನ ಆಗ್ತದ. ಆಕಸ್ಮಿಕ."

"ಎಲ್ಲಾದಕ್ಕೂ ಕಾರಣ ಅದ ಅಂತಿದ್ರಿ. ನನ್ನ ಕೂಸಿಗಷ್ಟೇ ಇಲ್ಲೇನು? ಗೊತ್ತಿದ್ರ ಹೇಳ್ರಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ರಿ. ಎರಡರಾಗ ಒಂದು ಹೇಳೋತನಕ ನಾ ರಾಯಚೂರಿಗೆ ಬರಂಗಿಲ್ಲ."

ಶರಣಯ್ಯ ಚಪ್ಪಲಿ ಮೆಟ್ಟಿಕೊಂಡ. ಕಟ್ಟೆಯಿಂದ ನೇರ ಬಸ್‌ಸ್ಟ್ಯಾಂಡಿಗೆ ನಡೆದುಬಿಟ್ಟ.

ಅಂದಿನಿಂದ ನನ್ನ ತಲೆಯಲ್ಲಿ ಒಂದು ಗೋಜಲು. ಏನೇ ಆದರೂ ಶಿವನ ಇಚ್ಛೆ ಎಂದು ಸುಮ್ಮನಿರುತ್ತಿದ್ದ ಸೂಗಯ್ಯನ ಮನೆಯವರು ಈಗ ಕಾರಣ ಬೇಕು, ಅದು ಗ್ರಹಣವೇ ಅನ್ನುತ್ತಿದ್ದರು. ಹುಲ್ಲುಕಡ್ಡಿ ಅಲುಗಿದರೂ ಕಾರಣ ಹುಡುಕುತ್ತಿದ್ದ ಶರಣಯ್ಯ ಸುಮ್ಮನೆ ಆಗುತ್ತದೆ ಅನ್ನುತ್ತಿದ್ದ. ಇಬ್ಬರೂ ಮನೆ ಅದಲು ಬದಲು ಮಾಡಿಕೊಂಡ ಹಾಗಿತ್ತು. ಅನುರಾಧಾಳ ಸಂಕಟ ಮಾತ್ರ ನನಗೆ ಚೆನ್ನಾಗಿ ತಿಳಿದಿತ್ತು. ಕೂಸಿಗೆ ಹಾಲು ಹಾಕುವಾಗ ಅವಳು ಕೂಸಿನ ಬಾಯಿ ನೋಡುತ್ತಿದ್ದಳು, ಆಮೇಲೆ ತನ್ನ ಬಲಗೈ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರಾದರೂ ಕಾಯಿಪಲ್ಲೆ ಹೆಚ್ಚುತ್ತಿದ್ದರೆ ಎದ್ದು ಹೋಗುತ್ತಿದ್ದಳು.

ಬಾಣಂತನ ಮುಗಿಸಿ ನಾನು ರಾಯಚೂರಿಗೆ ಮರಳಿದಾಗ ಪೇಪರಿನ ಫೋಟೋ ಇದ್ದ ಕಪಾಟಿನ ಗಾಜಿನ ಮೇಲೆ ಅಂಟಿನ ಕಲೆಯಷ್ಟೇ ಇತ್ತು. ಕೂಸಿಗೆ ನಾಲ್ಕನೇ ತಿಂಗಳು ನಡೆಯುವಾಗ ಶರಣಯ್ಯ ನನ್ನನ್ನು ಕರೆದುಕೊಂಡು ಒಂದು ಆಸ್ಪತ್ರೆಗೆ ಹೋದ. ಅಲ್ಲಿ ಗುಲ್ಫಶಾ ಅಂತ ನಮ್ಮೂರಿನದೇ ಹುಡುಗಿ ಡಾಕ್ಟರಾಗಿದ್ದಾಳೆ. ವರ್ಷಕ್ಕೊಮ್ಮೆ ಹೊರಗಿನಿಂದ ದೊಡ್ಡ ಡಾಕ್ಟರುಗಳು ಬಂದು ಸೀಳುತುಟಿ ಹೊಲಿಯುತ್ತಾರೆ, ಯಾವ ಕೂಸು ತಯಾರಿದೆ ಎಂದು ಮೊದಲು ನೋಡಿಡುವವಳು ಇವಳು.

"ಜುಲೈದಾಗ ಬರ್ತಾರ ಸರ್. ಆಗ ಕೂಸಿಗೆ ಸರಿ ವಯಸ್ಸಾಗಿರ್ತದ. ಈ ಸಲ ತಪ್ಪಿಸಿದ್ರ ಮುಂದಿನ ವರ್ಷಾನೇ. ಅಲ್ಲಿತನಕ ಮಾತು, ಊಟ ಎಲ್ಲಾದಕ್ಕೂ ತ್ರಾಸ ಆಗ್ತದ," ಅಂದಳು. ಆಮೇಲೆ ಬಸುರಿನಲ್ಲಿ ಜ್ವರ ಬಂದಿತ್ತೇ, ಯಾವ ಗುಳಿಗೆ ನುಂಗಿದ್ದಳು ಎಂದು ಕೇಳುತ್ತ, ಬರೆದುಕೊಳ್ಳುತ್ತ ಹೋದಳು. "ತಂದಿತಾಯಿ ಸಂಬಂಧದಾಗ ಏನ್ರ‍ೀ ಸರ್?"

ಶರಣಯ್ಯ ತಡಮಾಡಿ ಹೇಳಿದ, "ಹೌದು. ಸ್ವಂತ ಅತ್ತಿ ಮಗಳು." ಆಮೇಲೆ ಶಾಲೆಯ ಹುಡುಗನ ದನಿಯಲ್ಲಿ ಕೇಳಿದ, "ಅದರಿಂದ ಆಗಿರಬಹುದೇನಮ್ಮಾ?"

"ಆಗಿರಬಹುದು, ಆಗಿರಲಿಕ್ಕೂ ಇಲ್ಲ. ಸಂಬಂಧ ಇಲ್ಲದವ್ರ ಕೂಸಿಗೂ ಆಗ್ತದ, ಸಂಬಂಧದಾಗ ಆದವ್ರ ಎಷ್ಟೋ ಕೂಸು ಸರಿ ಇರ್ತಾವ. ಇಂಥಾ ಒಂದು ಕೂಸನ್ನ ಮುಂದಿಟ್ಟು ಯಾಕಾತು ಅಂದ್ರ ಹೇಳಾಕ ಬರಂಗಿಲ್ಲ ಸರ್."

ನಾನು ಕೇಳಿದೆ, "ಗ್ರಹಣದಿಂದ?"

"ಅದಲ್ಲ ಅಜ್ಜಿ. ಅದು ಮಾತ್ರ ಗ್ಯಾರಂಟಿ. ನಮ್ಮ ಅಮ್ಮೀನೂ ನಂಬ್ತಾರ, ಅಕ್ಕ ಬಸುರಿದ್ದಾಗ ಮನ್ಯಾಗಿನ ಕತ್ತರಿ ಎಲ್ಲಾ ಬಚ್ಚಿಟ್ಟಿದ್ರು."

"ಸ್ಕ್ಯಾನಿಂಗ್ನಾಗ ಸರಿ ಇತ್ತಲ್ಲಮ್ಮಾ?" ನಾನೇ ಮತ್ತೆ ಕೇಳಿದೆ.

"ಕೂಸು ಮುಖ ತಿರುವಿ ಮಲಗಿದ್ರ ತುಟಿ ಕಾಣಂಗಿಲ್ಲ. ಕಂಡಿಲ್ಲ ಅಂದ್ರ ಇದ್ದಿಲ್ಲ ಅಂತಲ್ಲ. ಆದ್ರ ಅವ್ರು ಬರದಿದ್ದು ನೋಡಲಾರದೆ ನಾ ಹೇಳೋದು ತಪ್ಪಾಗ್ತದ. ತಂದು ತೋರಸ್ರಿ."

ಶರಣಯ್ಯ ತಲೆ ತಗ್ಗಿಸಿ ಕೂತ. ಆಟೋದಲ್ಲಿ ಮರಳುವಾಗ ನಾನು ವಿಚಾರ ಮಾಡಿದೆ. ಯಾತರಿಂದ ಆಯಿತು ಅಂತ ಗೊತ್ತಿಲ್ಲ, ಆದರೆ ಗ್ರಹಣದಿಂದ ಅಲ್ಲ ಅಂತ ಗೊತ್ತು. ಅದು ಹೇಗೆ? ಡಬ್ಬಿಯ ಬೆಲ್ಲ ಕಡಿಮೆಯಾದರೆ ಯಾರು ತಿಂದರು ಅಂತ ಗೊತ್ತಾಗದೆ ಇರಬಹುದು, ಆದರೆ ಊರಲ್ಲೇ ಇಲ್ಲದವನು ತಿಂದಿಲ್ಲ ಅನ್ನುವುದಂತೂ ಗೊತ್ತಾಗುತ್ತದೆ. ಹಾಗೆಯೇ ಇರಬೇಕು ಅಂದುಕೊಂಡೆ. ಮನೆ ಮುಟ್ಟುವ ಹೊತ್ತಿಗೆ ಅದೂ ಪೂರ್ತಿ ಸರಿ ಅನ್ನಿಸಲಿಲ್ಲ.

ಮೌನೇಶ ಹೆಂಡತಿ ಮಗಳನ್ನು ಕರೆತರಲು ದೇವದುರ್ಗಕ್ಕೆ ಹೋಗಿ ಒಬ್ಬನೇ ಬಂದ. "ಅಪ್ಪಾ, ಆಕಿದು ಅದೇ ಮಾತು. ಸೂಗಯ್ಯ ಮಾಮ ಬ್ಯಾರೇನೇ ಹೇಳಾಕತ್ತಾನ. ದೇವರು ಸರಿಯಾಗೇ ಕೊಟ್ಟಿದ್ದ, ಮಾಸ್ತರ ಕೆಡಿಸಿದ್ರು, ಅವ್ರು ಹೊಳಿದಂಡಿ ಗೂಗಲ್ ಊರಿಗೆ ಬಂದು ಅಲ್ಲಮಪ್ರಭುವಿನ ಗುಡಿ ಮುಂದ ತಪ್ಪಾತು ಅನ್ನೋತನಕ ಕೂಸಿನ ಮುಖಕ್ಕ ಇನ್ನೊಂದು ಚಾಕು ಮುಟ್ಟಸಂಗಿಲ್ಲ ಅಂತಾನ. ಜುಲೈ ಬಂತಪ್ಪಾ." ಅಷ್ಟು ಹೇಳಿ ಊಟಕ್ಕೂ ಕೂಡದೆ ಕೆಲಸಕ್ಕೆ ಹೋದ.

ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಶರಣಯ್ಯ ರೊಟ್ಟಿ ತಿನ್ನುತ್ತ ಹೇಳಿದ, "ಅಕ್ಕಾ, ಗೂಗಲ್ಲಿಗೆ ಹೋಗಿಬರೋಣು. ನೀನೂ ಬಾ."

"ಅಲ್ಲಿ ಏನಂತಿ?"

"ಗ್ರಹಣದಿಂದ ಆತು ಅನ್ನಂಗಿಲ್ಲ. ಅಷ್ಟು ತಿಳ್ಕೊ."

ಸೂಗಯ್ಯ, ಸುನಂದಾ, ಅನುರಾಧಾ ಕೂಸಿನೊಂದಿಗೆ ದೇವದುರ್ಗದಿಂದ ಮೊದಲೇ ಬಂದಿದ್ದರು. ಕೃಷ್ಣೆಗೆ ಇನ್ನೂ ಹೊಸನೀರು ಬಂದಿರಲಿಲ್ಲ, ಬಂಡೆಗಳು ಕಾಣುತ್ತಿದ್ದವು. ಶರಣಯ್ಯ ಗುಡಿಯ ಒಳಗೆ ಹೋಗಲಿಲ್ಲ, ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕೂತ. ಸೂಗಯ್ಯ ಅದಕ್ಕೆ ಏನೂ ಅನ್ನಲಿಲ್ಲ, ತಂಬಿಗೆಯಲ್ಲಿ ನೀರು ತಂದುಕೊಟ್ಟ. "ಕುಡೀರಿ ಮಾಸ್ತರ. ದಣಿದೀರಿ." ನೀಲಾ ನನ್ನ ತೊಡೆಯ ಮೇಲಿತ್ತು. ಅಜ್ಜನನ್ನು ನೋಡಿ ನಕ್ಕಿತು. ಆ ಕೂಸು ನಕ್ಕರೆ ಸೀಳು ಅಗಲವಾಗಿ ಮುಖವೆಲ್ಲ ನಗೆಯೇ ಆಗುತ್ತಿತ್ತು.

ಶರಣಯ್ಯ ದೇವರ ಕಡೆ ನೋಡಲಿಲ್ಲ, ಸೂಗಯ್ಯನ ಕಡೆಯೂ ನೋಡಲಿಲ್ಲ. ಸೊಸೆಯ ಕಡೆ ತಿರುಗಿದ.

"ಅನೂ, ಗ್ರಹಣದಿಂದ ಆಗಿಲ್ಲ. ಅದು ನನಗ ಗೊತ್ತದ. ಯಾತರಿಂದ ಆತು ಅಂಬೋದು ನನಗ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಸುಮ್ಮನ ಆಗ್ತದ ಅಂದೆನಲ್ಲ, ಅದು ತಪ್ಪಾತು. ಅವತ್ತು ಕಟ್ಟಿ ಮ್ಯಾಲ ಅಂದಿದ್ದಂತೂ ದೊಡ್ಡ ತಪ್ಪು."

ಇಷ್ಟು ಹೇಳಿ ಅವನು ಸುನಂದಾಳನ್ನು ನೋಡಿದ. ಸಂಬಂಧದ ಮದುವೆಯ ಮಾತು ತೆಗೆಯುತ್ತಾನೆ ಅಂದುಕೊಂಡೆ. ಅವನು ಆ ಮಾತು ತೆಗೆಯಲಿಲ್ಲ. ತಂಗಿಯನ್ನು ಉಳಿಸಲಿಕ್ಕೋ, ತನ್ನನ್ನೇ ಉಳಿಸಿಕೊಳ್ಳಲಿಕ್ಕೋ, ಗೊತ್ತಿಲ್ಲದ್ದನ್ನು ಹೇಳಬಾರದೆಂದೋ, ನಾನು ಇವತ್ತಿಗೂ ಕೇಳಿಲ್ಲ.

ನಾನು ಅನುರಾಧಾಳ ಮುಖ ನೋಡುತ್ತಿದ್ದೆ. ಅವಳು ಕೇಳಿದ ಮಾತು ಸಿಕ್ಕಿತ್ತು, ಇನ್ನು ಹಗುರಾಗುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಬಿಳಿಚಿಕೊಂಡಿತು.

"ನಿಮಗೇ ಗೊತ್ತಿಲ್ಲಂದ್ರ... ಸೌತಿಕಾಯಿದ್ದೂ ಇರಬಹುದೇನು ಮಾವ?"

"ಇಲ್ಲ ಇಲ್ಲ. ಅದಲ್ಲ ಅಂಬೋದು ಗೊತ್ತದ."

"ಯಾತರಿಂದ ಅಂತ ಗೊತ್ತಿಲ್ಲ, ಯಾತರಿಂದ ಅಲ್ಲ ಅಂತ ಹ್ಯಾಂಗ ಗೊತ್ತು?"

ನಾನು ನಡುವೆ ಬೆಲ್ಲದ ಮಾತು ಹೇಳಿದೆ. ಊರಲ್ಲಿಲ್ಲದವನು ಡಬ್ಬಿಯ ಬೆಲ್ಲ ತಿಂದಿರಲಿಕ್ಕೆ ಬರುವುದಿಲ್ಲ ಅಂತ. ಅನುರಾಧಾ ಕೇಳಿಸಿಕೊಂಡಳು. "ನಾ ಊರಾಗೇ ಇದ್ದೆನಲ್ಲ ದೊಡ್ಡವ್ವಾ. ಚಾಕು ನನ್ನ ಕೈಯಾಗೇ ಇತ್ತು."

ಸೂಗಯ್ಯ ಗುಡಿಯ ಕಡೆ ತಿರುಗಿ ಕೈ ಮುಗಿದ. "ಮಾಸ್ತರ ಗೊತ್ತಿಲ್ಲ ಅಂದ್ರು. ತಪ್ಪಾತು ಅಂದ್ರು. ಪ್ರಭುವಿನ ಮೆಟ್ಟಲ ಮ್ಯಾಲ ಕೂತು ಅಂದ್ರು. ಮತ್ತೇನು ಬೇಕು? ವಿಜ್ಞಾನದ ದಾರಿ ಮುಗಿದ ಮ್ಯಾಲ ಉಳಿದಾತ ಅವನೊಬ್ಬನೇ. ಕೂಸಿನ್ನ ಕರ್ಕೊಂಡು ಹೋಗ್ರಿ, ತುಟಿ ಹೊಲಸ್ರಿ. ನನ್ನದೇನೂ ತಕರಾರಿಲ್ಲ."

ಶರಣಯ್ಯ ಅರ್ಧ ಎದ್ದ. "ಸೂಗಯ್ಯ, ನನಗ ಗೊತ್ತಿಲ್ಲ ಅಂದ್ರ ಗ್ರಹಣ ಅಂತಲ್ಲ. ನಕಾಶಿಯಾಂವ ಅದಾನ ಅಂತಾನೂ—"

ಅಷ್ಟಕ್ಕೆ ನಿಂತ. ನೀಲಾ ಹಾಲು ಕಕ್ಕಿತ್ತು, ನಾನು ಸೆರಗಿನಿಂದ ಒರೆಸುತ್ತಿದ್ದೆ. ಅವನು ಅದನ್ನು ನೋಡುತ್ತ ನಿಂತ. ಸೂಗಯ್ಯ ಕಾಯುತ್ತಿದ್ದ, ಇನ್ನೊಂದು ಮಾತು ಬಂದರೆ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವನಂತೆ ಹುಬ್ಬು ಏರಿಸಿದ್ದ. ಶರಣಯ್ಯ ಮತ್ತೆ ಕೂತ. ತಂಬಿಗೆಯ ನೀರು ಕುಡಿದ.

ಅನುರಾಧಾ ಕೂಸಿನ ಬಟ್ಟೆ ಗಂಟು ಕಟ್ಟಿಕೊಂಡಳು. "ಆಸ್ಪತ್ರೆತನಕ ಬರ್ತೀನಿ. ಅಲ್ಲಿಂದ ಮುಂದ ನೋಡೋಣು," ಅಂದಳು. ಜೀಪಿನಲ್ಲಿ ಶರಣಯ್ಯ ನನ್ನ ಪಕ್ಕಕ್ಕೆ ಕೂತಿದ್ದ. ಗೂಗಲ್ ದಾಟಿದ ಮೇಲೆ ಮೆಲ್ಲಗೆ ಕೇಳಿದ.

"ಅಕ್ಕಾ, ನಾ ಸುಳ್ಳಾಡಿದೆನೇನು?"

"ಇಲ್ಲಪಾ."

"ಮತ್ತ ಖರೇ ತಿಳೀತೇನು ಯಾರಿಗರ?"

ನಾನು ಕೂಸಿನ ತಲೆಗೆ ಗಾಳಿ ಬಡಿಯದಂತೆ ಸೆರಗು ಸರಿಪಡಿಸಿದೆ.

ಆಪರೇಷನ್ನಿನ ದಿನ ಬೀಗರಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದರು. ಸ್ಕ್ಯಾನಿಂಗಿನ ಕಾಗದವನ್ನು ಸೂಗಯ್ಯನೇ ತಂದಿದ್ದ. ಗುಲ್ಫಶಾ ಓದಿ, ಇದರಲ್ಲಿ ತುಟಿಯ ಮಾತೇ ಇಲ್ಲ, ಸರಿ ಇದೆ ಅಂತಲೂ ಇಲ್ಲ, ಸೀಳಿದೆ ಅಂತಲೂ ಇಲ್ಲ ಅಂದಳು. ಸೂಗಯ್ಯ ಅದನ್ನು ತನ್ನ ಕಡೆಯ ಮಾತೆಂದು ತಿಳಿದ. ಶರಣಯ್ಯ ತನ್ನ ಕಡೆಯದೆಂದು ತಿಳಿದಿರಬೇಕು. ನರ್ಸ್ ಕೂಸಿನ ಹಣೆಯ ವಿಭೂತಿ ಒರೆಸಿ ಒಳಗೆ ಒಯ್ದಳು.

"ಡಾಕ್ಟರ ಕೈಯಾಗ ಈಗ ಅವನೇ ಕುಂತಾನ ನೋಡ್ರಿ ಮಾಸ್ತರ," ಅಂದ ಸೂಗಯ್ಯ.

ಶರಣಯ್ಯ ಆಪರೇಷನ್ ಕೋಣೆಯ ಬಾಗಿಲನ್ನೇ ನೋಡುತ್ತಿದ್ದ.

"ಏನರ ಅನ್ರಿ. ನೀವು ಸುಮ್ಮನ ಕುಂತ್ರ ನನಗ ಅಂಜಿಕಿ ಆಗ್ತದ."

"ಕೈ ನಡಗದಿದ್ರ ಸಾಕು ಸೂಗಯ್ಯ," ಅಂದ ಶರಣಯ್ಯ. ಸೂಗಯ್ಯ ಹೂಂ ಅಂದು ಅವನ ಹತ್ತಿರಕ್ಕೆ ಸರಿದು ಕೂತ. ಇಷ್ಟು ದಿನ ವಾದ ಮಾಡಿದವರು ಇವರೇ ಏನು ಅನ್ನಿಸಿತು.

ಕೂಸನ್ನು ಹೊರಗೆ ತಂದರು. ತುಟಿ ಕೂಡಿತ್ತು, ಕರಿ ದಾರದ ಸಣ್ಣ ಹೊಲಿಗೆ ಕಾಣುತ್ತಿತ್ತು, ಮೂಗು ನೆಟ್ಟಗಾಗಿತ್ತು. ಸುನಂದಾ ಕೈಯೆತ್ತಿ ಮುಗಿದಳು. ಅನುರಾಧಾ ಬಗ್ಗಿ ನೋಡಿದಳು, ಒಮ್ಮೆಲೇ ಅಳತೊಡಗಿದಳು.

"ದೊಡ್ಡವ್ವಾ, ಇದು ನನ್ನ ಕೂಸಲ್ಲ. ನನ್ನ ಕೂಸಿನ ಮುಖ ಹಿಂಗ ಇರಲಿಲ್ಲ."

ಅದೇ ಕೂಸು, ಅದೇ ಕಿವಿ, ಅದೇ ತಲೆಯ ಸುಳಿ. ನಾನು ತೋರಿಸಿದೆ. ಅವಳು ಅಳುವುದು ನಿಲ್ಲಿಸಲಿಲ್ಲ. ಗುಲ್ಫಶಾ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಬಾಳ ಮಂದಿ ತಾಯಂದ್ರು ಹಿಂಗೇ ಅಳ್ತಾರ. ಆ ಮುಖಾನೇ ರೂಢಿ ಆಗಿರ್ತದ. ನಾಕು ದಿನ ಹೋಗಲಿ."

"ಆ ನಗು ಇನ್ನ ಬರಂಗಿಲ್ಲಲ್ಲ," ಅಂದಳು ಅನುರಾಧಾ.

ಸೂಗಯ್ಯ ಮಂಚದ ಹತ್ತಿರ ನಿಂತು ಬಹಳ ಹೊತ್ತು ಕೂಸನ್ನು ನೋಡಿದ. "ಅದೂ ಚಂದ ಇತ್ತು," ಅಂದ, ಯಾರಿಗೆ ಅಂತಿಲ್ಲದೆ. ಕೆಟ್ಟಿದೆ, ಕೆಡಿಸಿದರು ಎಂದು ತಿಂಗಳುಗಟ್ಟಲೆ ಅಂದವನು ಅವನೇ. ಶರಣಯ್ಯ ತಲೆ ಆಡಿಸಿದ. ಇಬ್ಬರಲ್ಲಿ ಯಾರೂ ಅದರ ಮುಂದೆ ವಾದ ಬೆಳೆಸಲಿಲ್ಲ. ನನಗಂತೂ ಎಲ್ಲ ಇನ್ನಷ್ಟು ತೊಡಕಾಯಿತು. ಹೊಲಿದದ್ದು ಸರಿಯೆಂದರೆ ಅಳು ಯಾಕೆ, ಮೊದಲಿನದೇ ಸರಿಯೆಂದರೆ ಹೊಲಿಸಿದ್ದು ಯಾಕೆ.

ಸಂಜೆ ಹಾಲು ಕುಡಿಸಲು ಹೇಳಿದರು. ಅನುರಾಧಾ ಕೂಸನ್ನು ನೆಟ್ಟಗೆ ಕೂಡಿಸಿಕೊಂಡು, ಹೊಲಿಗೆಗೆ ತಾಗದಂತೆ ಬಲಗಡೆಯಿಂದ ಚಮಚ ಇಟ್ಟಳು. ಹಾಲು ಒಳಗೆ ಹೋಯಿತು. ಅವಳು ಕಾದಳು. ಹೊರಗೆ ಬರಲಿಲ್ಲ. ಇನ್ನೊಂದು ಚಮಚ ಹಾಕಿದಳು, ಅದೂ ಒಳಗೇ ಉಳಿಯಿತು. ಕಣ್ಣೀರು ಒರೆಸಿಕೊಳ್ಳದೆ ಹಾಗೆಯೇ ಬಟ್ಟಲು ಮುಗಿಯುವವರೆಗೂ ಹಾಕಿದಳು. ಬಾಗಿಲಲ್ಲಿ ಶರಣಯ್ಯ ನಿಂತಿದ್ದ, ಒಳಗೆ ಬರಲು ಹಿಂಜರಿಯುತ್ತಿದ್ದ.

"ಮಾವ, ಇಲ್ಲಿಂದ ನಮ್ಮ ಮನಿಗೇ ಬರ್ತೀನಿ," ಅಂದಳು ಅವಳು, ತಲೆ ಎತ್ತದೆ. "ಆದ್ರ ಅದು ಯಾಕಾತು ಅಂಬೋದು ನಾ ಬಿಟ್ಟಿಲ್ಲ. ದಿನಾ ಕೇಳ್ತೀನಿ."

"ಕೇಳವ್ವಾ," ಅಂದ ಶರಣಯ್ಯ.